ಬಳೆ ಯಾರ ಕೈಯಲ್ಲಿತ್ತು

ಪ್ರೀತಿಯ ಮಗನೇ,

ಕರ್ತನ ನಾಮದಲ್ಲಿ ವಂದನೆ. ನಿನ್ನೆ ರಾತ್ರಿ ನಿಮ್ಮಮ್ಮ ಫೋನ್ ಮಾಡಿ ಅತ್ತಳು. ಚರ್ಚಿನ ಯೌವನಸ್ಥರ ಸಂಘದ 18,000 ರೂಪಾಯಿ ನಿನ್ನ ಬೈಕಿನ ಕಂತಿಗೆ ಹೋಗಿದೆ, 4 ತಿಂಗಳಿಂದ ಲೆಕ್ಕ ಕೇಳಿದಾಗಲೆಲ್ಲ "ಬ್ಯಾಂಕಿನಲ್ಲಿದೆ" ಅನ್ನುತ್ತಾ ಬಂದಿದ್ದೀಯ, ಈಗ ಸಿಕ್ಕಿಬಿದ್ದ ಮೇಲೆ "ಸೈತಾನ ನನ್ನ ಬುದ್ಧಿ ಕೆಡಿಸಿಬಿಟ್ಟ" ಅಂತ ಗೋಡೆ ಕಡೆ ಮುಖ ಮಾಡಿ ಮಲಗಿದ್ದೀಯಂತೆ. ಯಾರೋ ಬಂದು, ನಿನ್ನೊಳಗೆ ದುರಾತ್ಮ ಸೇರಿದೆ, 3 ದಿನ ಉಪವಾಸ ಪ್ರಾರ್ಥನೆ ಇಟ್ಟು ಬಿಡಿಸಬೇಕು ಅಂದರಂತೆ.

ಬೈಯುವುದಕ್ಕೆ ಬರೆಯುತ್ತಿಲ್ಲ. ನಿನಗೆ ಯಾರೂ ಹೇಳದ ಒಂದು ವಿಷಯ ಹೇಳಬೇಕು.

ನಿನ್ನ ಅಜ್ಜಿ ತೀರಿಕೊಂಡಾಗ ಎರಡು ಚಿನ್ನದ ಬಳೆ ಬಿಟ್ಟುಹೋದಳು. ನನಗೊಂದು, ನಿಮ್ಮಮ್ಮನಿಗೊಂದು ಅಂತ ಆಸ್ಪತ್ರೆಯಲ್ಲಿ ನನ್ನೊಬ್ಬಳ ಹತ್ತಿರ ಹೇಳಿದ್ದಳು. ನಾನು "ಎರಡೂ ನನಗೇ ಅಂದಳು" ಅಂತ ಹೇಳಿದೆ. ನಿಮ್ಮಮ್ಮ ನಂಬಲಿಲ್ಲ. ಮಾತಿಗೆ ಮಾತು ಬೆಳೆದು 6 ವರ್ಷ ಅಕ್ಕ ತಂಗಿ ಮುಖ ನೋಡಲಿಲ್ಲ. ನೀನು ಹುಟ್ಟಿದಾಗ ನಾನು ಬರಲಿಲ್ಲ, ನಿನ್ನ ದೀಕ್ಷಾಸ್ನಾನಕ್ಕೂ ಬರಲಿಲ್ಲ. ಒಂದು ಸಂಜೆ ನಮ್ಮ ಮನೆಯಲ್ಲಿ ಪ್ರಾರ್ಥನೆ ಮುಗಿದು ಎಲ್ಲರೂ ಎದ್ದುಹೋದ ಮೇಲೆ ನಮ್ಮ ಸಭೆಯ ಪಾದ್ರಿ ಅಯ್ಯನವರಿಗೆ ಕಾಫಿ ಕೊಡುತ್ತಾ, "ಸೈತಾನ ನಮ್ಮ ಮನೆ ಒಡೆದುಬಿಟ್ಟ, ನಮಗಾಗಿ ಪ್ರಾರ್ಥನೆ ಮಾಡಿ" ಅಂದೆ. ಅವರು ಲೋಟ ತಗೊಂಡರು, ಕುಡಿಯಲಿಲ್ಲ. ನನ್ನ ಮುಂಗೈ ನೋಡಿದರು. "ಬಳೆ ಯಾರ ಕೈಯಲ್ಲಿದೆಯಮ್ಮಾ?" ಅಂತ ಮೆಲ್ಲಗೆ ಕೇಳಿದರು. ನಾನು ಸೆರಗು ಎಳೆದು ಕೈ ಮುಚ್ಚಿಕೊಂಡೆ. ಅವರು ಇನ್ನೇನೂ ಹೇಳಲಿಲ್ಲ.

ಸೈತಾನ ಇಲ್ಲ ಅನ್ನುವವಳು ನಾನಲ್ಲ. ಅವನು ಇದ್ದಾನೆ. ನಮ್ಮ ಕರ್ತನನ್ನೇ ಅಡವಿಯಲ್ಲಿ 40 ದಿನ ಬಿಡದೆ ಕಾಡಿದವನು, ದೇವರ ವಾಕ್ಯವನ್ನೇ ಬಾಯಲ್ಲಿಟ್ಟುಕೊಂಡು ಬಂದವನು. ಆದರೆ ಅವನು ಬಂದು ಕಿವಿಯಲ್ಲಿ ಹೇಳಿದ್ದಕ್ಕೆ ಯೇಸುವಿಗೆ ಪಾಪ ಅಂಟಲಿಲ್ಲ. ಹಾಗೇ ನಿನಗೂ ಆ ಹಣ ನೋಡಿ ಆಸೆ ಬಂತಲ್ಲ, ಅಷ್ಟಕ್ಕೇ ನೀನು ಕೆಟ್ಟವನಾಗಲಿಲ್ಲ. ಕೈ ಚಾಚಿದೆಯಲ್ಲ, ಅಲ್ಲಿಂದ ನಿನ್ನ ಲೆಕ್ಕ ಶುರು. ಯಾಕೋಬನ ಪತ್ರಿಕೆ 1ನೇ ಅಧ್ಯಾಯ ತೆಗೆದು ಓದು. ಮನುಷ್ಯನನ್ನು ಎಳೆದುಕೊಂಡು ಹೋಗುವುದು ಅವನ ಸ್ವಂತ ಆಸೆ ಅಂತಾನೆ. ಗಾಳ ಹಾಕಿದವನು ಬೇರೆಯವನಿರಬಹುದು, ಹಸಿವು ಮೀನಿನದ್ದೇ ಅಲ್ವಾ?

ಸಂಡೇ ಸ್ಕೂಲಿನಲ್ಲಿ ಏದೆನಿನ ಕಥೆ ಎಷ್ಟು ಸಲ ಕೇಳಿದ್ದೀಯ. ಆದಾಮ ಹೆಂಡತಿಯನ್ನು ತೋರಿಸಿದ, ಹವ್ವ ಸರ್ಪವನ್ನು ತೋರಿಸಿದಳು. ದೇವರು ಸರ್ಪವನ್ನು ಶಪಿಸಿದರು, ಸರಿ. ಆದರೆ "ಯಾಕೆ ಮಾಡಿದೆ" ಅಂತ ಅದನ್ನು ಒಂದು ಮಾತೂ ಕೇಳಲಿಲ್ಲ ನೋಡು. ಕೇಳಿದ್ದು ಮನುಷ್ಯರನ್ನು. ಉತ್ತರ ಬರಬೇಕಾದದ್ದು ಅವರಿಂದ.

ನನಗೆ ಜಾಸ್ತಿ ಬುದ್ಧಿ ಕಲಿಸಿದ್ದು ಅರಸ ದಾವೀದ. ಅವನು ಜನರ ಲೆಕ್ಕ ತೆಗೆಸಿದ ಸಂಗತಿ ಬೈಬಲಿನಲ್ಲಿ ಎರಡು ಕಡೆ ಇದೆ. 2 ಸಮುವೇಲ 24ರಲ್ಲಿ ದೇವರ ಕೋಪದಿಂದ ಹಾಗಾಯಿತು ಅಂತಿದೆ, 1 ಪೂರ್ವಕಾಲವೃತ್ತಾಂತ 21ರಲ್ಲಿ ಸೈತಾನ ಪ್ರೇರೇಪಿಸಿದ ಅಂತಿದೆ. ಇದು ಹೇಗೆ ಅಂತ ದೊಡ್ಡ ದೊಡ್ಡವರು ತಲೆ ಕೆಡಿಸಿಕೊಂಡಿದ್ದಾರೆ, ನಾನೂ ಕೆಡಿಸಿಕೊಂಡಿದ್ದೇನೆ. ಆದರೆ ಎರಡು ಕಡೆಯೂ ದಾವೀದನ ಬಾಯಲ್ಲಿ ಬರುವ ಮಾತು ಒಂದೇ, ನಾನು ಪಾಪ ಮಾಡಿದೆ ಅನ್ನುವುದು. ಸೈತಾನನ ಹೆಸರು ಅವನು ಎತ್ತುವುದೇ ಇಲ್ಲ. ಇನ್ನೊಂದು ಗಮನಿಸು. ಸೈತಾನ ಪ್ರೇರೇಪಿಸಿದ್ದು ಒಂದು ಗಳಿಗೆ ಇರಬಹುದು, ಆ ಲೆಕ್ಕ ಮುಗಿಯಲು 9 ತಿಂಗಳು 20 ದಿನ ಹಿಡಿಯಿತು. ಅವನ ಸೇನಾಪತಿ ಯೋವಾಬ ಮೊದಲೇ ಬೇಡ ಅಂದಿದ್ದ. ಅಷ್ಟೂ ದಿನ ಬೆಳಗಾಗೆದ್ದು ದಾವೀದ "ಸಾಕು, ನಿಲ್ಲಿಸಿ" ಅನ್ನಬಹುದಿತ್ತು. ನಿನ್ನ 4 ತಿಂಗಳು, ನನ್ನ 6 ವರ್ಷ, ಎಲ್ಲ ಅದೇ ಥರ. ಅಷ್ಟು ದಿನವೂ ಸೈತಾನ ನನ್ನ ಕೈ ಹಿಡಿದು ಬಳೆ ತೊಡಿಸುತ್ತಿದ್ದನಾ? ನಾನೇ ತೊಟ್ಟುಕೊಳ್ಳುತ್ತಿದ್ದೆ.

ಅಪೊಸ್ತಲರ ಕೃತ್ಯಗಳು 5ರಲ್ಲಿ ಅನನೀಯನೂ ಹೊಲ ಮಾರಿದ ಹಣ ಬಚ್ಚಿಟ್ಟವನೇ. ಯೇಸುವಿನ ಶಿಷ್ಯ ಪೇತ್ರ ಅವನಿಗೆ ಸೈತಾನ ನಿನ್ನ ಹೃದಯ ತುಂಬಿದ್ದೇಕೆ ಅಂತಲೂ ಕೇಳುತ್ತಾನೆ, ಬೆನ್ನಿಗೇ ನೀನು ಇಂಥದ್ದನ್ನು ಮನಸ್ಸಿನಲ್ಲಿ ಯೋಚಿಸಿಕೊಂಡದ್ದೇಕೆ ಅಂತಲೂ ಕೇಳುತ್ತಾನೆ. ಅಲ್ಲೇ ಬಿದ್ದು ಸತ್ತ ಅವನ ಗತಿ ಹೇಳಿ ನಿನ್ನನ್ನು ಹೆದರಿಸುವುದಿಲ್ಲ. ಪೇತ್ರನೇ ಒಂದು ರಾತ್ರಿ ಯೇಸು ಯಾರೋ ಗೊತ್ತಿಲ್ಲ ಅಂತ 3 ಸಲ ಸುಳ್ಳು ಹೇಳಿದವನು, ಆಮೇಲೆ ಹೊರಗೆ ಹೋಗಿ ಅತ್ತವನು. ಸೈತಾನ ನಿಮ್ಮನ್ನು ಗೋಧಿಯ ಹಾಗೆ ಒನೆಯಬೇಕು ಅಂತ ಕೇಳಿಕೊಂಡಿದ್ದಾನೆ ಎಂದು ಕರ್ತನು ಮೊದಲೇ ಹೇಳಿದ್ದರೂ, "ಅವನೇ ಮಾಡಿಸಿದ" ಅಂತ ಪೇತ್ರ ಹೇಳಿದ್ದು ನಾನು ಎಲ್ಲೂ ಓದಿಲ್ಲ.

ನನ್ನ ಸಂಕಟ ಇಷ್ಟೇ ಮಗನೇ. ನೀನು ಮಾಡಿಲ್ಲ, ಸೈತಾನ ಮಾಡಿದ ಅನ್ನುವುದಾದರೆ ನಿನಗೆ ಕ್ಷಮೆ ಯಾತಕ್ಕೆ? ದೇವರು ಸೈತಾನನ ಪಾಪವನ್ನು ನಿನ್ನ ಹೆಸರಿನಲ್ಲಿ ಕ್ಷಮಿಸುವುದಿಲ್ಲ. ನಾನು ಮಾಡಿದೆ ಅಂದರೆ ಮಾತ್ರ ಶಿಲುಬೆ ಹತ್ತಿರ ನಿನಗೆ ಕೆಲಸ. ಉಪವಾಸ ಮಾಡು, ನಾನೂ ಮಾಡುತ್ತೇನೆ. ದುರಾತ್ಮ ಬಿಡಿಸುವ ಕೂಟಕ್ಕೆ ಮಾತ್ರ ಹೋಗಬೇಡ. ಅಲ್ಲಿ ಕೂಗಾಡಿ, ಬಿದ್ದು ಎದ್ದು, ಹಗುರಾಗಿ ಮನೆಗೆ ಬರುತ್ತೀಯ, 18,000 ಹಾಗೇ ಇರುತ್ತದೆ.

ಆ ಲೆಕ್ಕದ ಪಾಪದ ಮೇಲೆ ಯಜ್ಞ ಅರ್ಪಿಸಲು ದಾವೀದ ಜಾಗ ಕೇಳಿದಾಗ, ಅರೌನ ಅನ್ನುವವನು ತನ್ನ ಕಣವನ್ನು ಸುಮ್ನೆ ಕೊಡುತ್ತೇನೆ ಅಂದ, ದಾವೀದ ಒಪ್ಪಲಿಲ್ಲ. ಖರ್ಚಿಲ್ಲದ ಯಜ್ಞ ಅರ್ಪಿಸಲ್ಲ ಅಂತ 50 ಶೆಕೆಲ್ ಬೆಳ್ಳಿ ಕೊಟ್ಟೇ ತಗೊಂಡ. ನೀನು ಬೈಕ್ ಮಾರು. ಕಂತು ಬಾಕಿ ಕಳೆದು ಕಮ್ಮಿ ಬಿದ್ದರೆ ತಿಂಗಳು ತಿಂಗಳು ಸಂಬಳದಲ್ಲಿ ಕಟ್ಟು. ನಿಮ್ಮಮ್ಮ ತನ್ನ ಬಳೆ ಅಡ ಇಡುತ್ತೇನೆ ಅಂತಿದ್ದಾಳೆ. ಇಡಲು ಬಿಡಬೇಡ. ಅದು ನಾನು 6 ವರ್ಷ ತಡವಾಗಿ, ಅಡುಗೆಮನೆಯಲ್ಲಿ ಸೌಟು ಹಿಡಿದು ನಿಂತಿದ್ದವಳ ಕೈಗೆ, ಒಂದು ಮಾತೂ ಹೊರಡದೆ ತೊಡಿಸಿ ಬಂದ ಬಳೆ.

ಶನಿವಾರ ಮೊದಲ ಬಸ್ಸಿಗೆ ಬರುತ್ತೇನೆ. ಸಂಘದ ಕಾರ್ಯದರ್ಶಿ ಮನೆಗೆ ಇಬ್ಬರೂ ಹೋಗೋಣ. ನಾನು ನಿನ್ನ ಪಕ್ಕದಲ್ಲೇ ಕೂತಿರುತ್ತೇನೆ, ಮಾತು ನೀನೇ ಆಡಬೇಕು. ಈಗ ಎದ್ದು ಮುಖ ತೊಳೆದು ಊಟ ಮಾಡು.

ನಿನ್ನ ದೊಡ್ಡಮ್ಮ