ಅರ್ಜಿ ಹಾಕುವ ಮುನ್ನ ಒಮ್ಮೆ ಕೊಟ್ಟಿಗೆಗೆ ಬಾ: ಗೆಳೆಯನಿಗೊಂದು ಪತ್ರ

ಪಶುವೈದ್ಯಕೀಯ ಕಾಲೇಜು, ಹೆಬ್ಬಾಳ, ಬೆಂಗಳೂರು

ಪ್ರಿಯ ಗೆಳೆಯ ಮಹೇಶ,

ಬಿ.ಎಸ್‌ಸಿ. ಮೊದಲ ವರ್ಷದಲ್ಲಿರುವಾಗಲೇ ಮತ್ತೊಮ್ಮೆ ಸಿಇಟಿ ಬರೆದು ಪಶುವೈದ್ಯಕೀಯಕ್ಕೆ ಸೇರಬೇಕೆಂದು ಮನಸ್ಸು ಮಾಡಿರುವುದಾಗಿ ನೀನು ಹೇಳಿದ ದಿನ ನನಗೆ ಬಹಳ ಸಂತೋಷವಾಯಿತು. ಆದರೆ ಅರ್ಜಿ ಹಾಕುವ ಮೊದಲು ಅಮೆರಿಕದಲ್ಲಿರುವಂತೆ ಇಲ್ಲಿಯೂ ಪಶುವೈದ್ಯರ ಜೊತೆ ಕೆಲಸ ಮಾಡಿರಬೇಕೇ ಎಂದು ಫೋನಿನಲ್ಲಿ ನೀನು ಕೇಳಿದ ಪ್ರಶ್ನೆಗೆ ನಾನು ಕೊಟ್ಟ ಉತ್ತರ ಅರ್ಧಂಬರ್ಧವಾಗಿತ್ತು ಎನ್ನಿಸಿದ್ದರಿಂದ ಈ ಪತ್ರ ಬರೆಯುತ್ತಿದ್ದೇನೆ. ನಿನ್ನಂತೆಯೇ ಯೋಚಿಸುತ್ತಿರುವ ಇನ್ನೂ ಕೆಲವರಿಗೆ ಉಪಯೋಗವಾಗಲೆಂದು, ನಿನ್ನ ಒಪ್ಪಿಗೆ ಪಡೆದೇ ಇದನ್ನು ಎಲ್ಲರೂ ಓದುವ ಕಡೆ ಹಾಕುತ್ತಿದ್ದೇನೆ.

ಅಮೆರಿಕದಲ್ಲಿ ಓದುತ್ತಿರುವ ನಿನ್ನ ಅತ್ತೆಯ ಮಗಳು ಹೇಳಿದ್ದು ನಿಜ. ಅಲ್ಲಿ ಸಾಮಾನ್ಯವಾಗಿ ಮೊದಲು ಪದವಿ ತರಗತಿಗಳಲ್ಲಿ ಓದಿ, ಪಶುವೈದ್ಯರ ಜೊತೆಯಲ್ಲಿ ಎಷ್ಟು ಗಂಟೆ ಕೆಲಸ ಮಾಡಿದೆವೆಂದು ಲೆಕ್ಕ ಬರೆದು, ಅವರಿಂದ ಶಿಫಾರಸು ಪತ್ರ ಪಡೆದು, ಆಮೇಲೆ ನಾಲ್ಕು ವರ್ಷದ ಕೋರ್ಸಿಗೆ ಅರ್ಜಿ ಹಾಕುತ್ತಾರೆ. ನಮ್ಮಲ್ಲಿ ಪಿಯುಸಿ ಮುಗಿದ ಕೂಡಲೇ ಸೇರಬಹುದು. ಎರಡನೇ ಪಿಯುಸಿಯ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರದ ಅಂಕಗಳನ್ನೂ ಸಿಇಟಿ ಅಂಕಗಳನ್ನೂ ಸೇರಿಸಿ ರ‍್ಯಾಂಕ್ ಕೊಡುತ್ತಾರೆ, ಆ ರ‍್ಯಾಂಕಿನ ಮೇಲೆ ಸೀಟು ಸಿಗುತ್ತದೆ. ಕೃಷಿಕರ ಕೋಟಾದಲ್ಲಿ ಬರುವವರಿಗೆ ಮಾತ್ರ ಪ್ರಾಯೋಗಿಕ ಪರೀಕ್ಷೆಯೊಂದಿದೆ. ಉಳಿದಂತೆ, ಹಸುವಿನ ಹಗ್ಗವನ್ನು ಒಮ್ಮೆಯಾದರೂ ಹಿಡಿದಿದ್ದೀಯಾ ಎಂದು ಯಾರೂ ಕೇಳುವುದಿಲ್ಲ. ಯಾರೂ ಕೇಳುವುದಿಲ್ಲವಾದ್ದರಿಂದಲೇ ಆ ಪ್ರಶ್ನೆಯನ್ನು ನೀನೇ ಕೇಳಿಕೊಳ್ಳಬೇಕು, ಅದೂ ಅರ್ಜಿ ತುಂಬುವ ಮೊದಲೇ ಕೇಳಿಕೊಳ್ಳಬೇಕು. ನಾನು ಹೇಳಬೇಕೆಂದಿರುವ ಮುಖ್ಯವಾದ ಮಾತು ಇದೇ.

ಪರೀಕ್ಷೆಯ ವಿಷಯವನ್ನು ಬೇಗ ಹೇಳಿ ಮುಗಿಸುತ್ತೇನೆ. ಸಿಇಟಿಯಲ್ಲಿ ಪ್ರತಿ ವಿಷಯಕ್ಕೆ 60 ಪ್ರಶ್ನೆ, 80 ನಿಮಿಷ. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ, ಆದ್ದರಿಂದ ಒಂದನ್ನೂ ಖಾಲಿ ಬಿಡಬೇಡ. ನೀಟ್ ಪರೀಕ್ಷೆಯನ್ನೂ ಬರೆ. ಅಖಿಲ ಭಾರತ ಕೋಟಾದ ಶೇಕಡ 15ರಷ್ಟು ಸೀಟುಗಳು ಅದರ ಅಂಕದ ಮೇಲೆ ಹಂಚಿಕೆಯಾಗುತ್ತವೆ. ಅಲ್ಲಿ ತಪ್ಪು ಉತ್ತರಕ್ಕೆ ಒಂದು ಅಂಕ ಹೋಗುತ್ತದೆ ಎಂಬುದು ನಿನಗೇ ಗೊತ್ತಿದೆ. ಏಳು ವರ್ಷದ ವ್ಯಾಸಂಗ ಪ್ರಮಾಣಪತ್ರ, ನೀನು ಹಳ್ಳಿಯಲ್ಲಿ ಓದಿದ ಹತ್ತು ವರ್ಷಗಳ ಗ್ರಾಮೀಣ ವ್ಯಾಸಂಗ ಪ್ರಮಾಣಪತ್ರ, ಇವೆರಡನ್ನೂ ಈಗಲೇ ಮಾಡಿಸಿಟ್ಟುಕೋ. ಕಡೆಯ ವಾರದಲ್ಲಿ ಹಳೆಯ ಶಾಲೆಗೆ ಓಡಿ ಮುಖ್ಯೋಪಾಧ್ಯಾಯರ ಸಹಿಗಾಗಿ ಕಾದು ಕುಳಿತ ನನ್ನ ಪಾಡು ನಿನಗೆ ಬೇಡ.

ಇನ್ನು ಕೊಟ್ಟಿಗೆಯ ಮಾತಿಗೆ ಬರುತ್ತೇನೆ. ಪಿಯುಸಿ ಪರೀಕ್ಷೆ ಮುಗಿಸಿ ಸಿಇಟಿಗೆ ಓದುತ್ತಿದ್ದ ದಿನಗಳಲ್ಲಿ, ಹೆಸರಘಟ್ಟದ ಆಚೆಗಿನ ಹಳ್ಳಿಯೊಂದರ ಪಶು ಆಸ್ಪತ್ರೆಯ ವೈದ್ಯರು ತಮ್ಮ ಜೊತೆ ಬೆಳಗಿನ ಹೊತ್ತು ಬರಲು ನನಗೆ ಅವಕಾಶ ಕೊಟ್ಟಿದ್ದರು. ಒಂದು ದಿನ ಸೀಮೆ ಹಸುವೊಂದು ಹಾಲು ಕಡಿಮೆ ಕೊಡುತ್ತಿದೆ ಎಂದು ಒಬ್ಬ ತಾಯಿ ಕರೆ ಕಳುಹಿಸಿದರು. ವೈದ್ಯರು ನಾಲ್ಕು ಬಟ್ಟಲುಗಳಿರುವ ಪ್ಲಾಸ್ಟಿಕ್ ತಟ್ಟೆಯನ್ನು ನನ್ನ ಕೈಗೆ ಕೊಟ್ಟು, ಒಂದೊಂದು ಮೊಲೆಯ ಹಾಲನ್ನು ಒಂದೊಂದು ಬಟ್ಟಲಿಗೆ ಹಿಂಡಿಸಿ, ಅಷ್ಟೇ ಪ್ರಮಾಣದ ನೇರಳೆ ಬಣ್ಣದ ದ್ರಾವಣ ಸುರಿದು, ಮೆಲ್ಲಗೆ ಸುತ್ತಲೂ ಆಡಿಸು ಎಂದರು. ಮೂರು ಬಟ್ಟಲುಗಳಲ್ಲಿ ಹಾಲು ನೀರಿನಂತೆ ಹರಿದಾಡುತ್ತಿತ್ತು. ನಾಲ್ಕನೆಯದು ನೋಡನೋಡುತ್ತಿದ್ದಂತೆ ಆರಿದ ರಾಗಿ ಗಂಜಿಯ ಹಾಗೆ ಗಟ್ಟಿಯಾಗಿ, ತಟ್ಟೆ ವಾಲಿಸಿದರೆ ಒಂದೇ ಮುದ್ದೆಯಾಗಿ ಜಾರತೊಡಗಿತು. ಕಣ್ಣಿಗೆ ಕೆಚ್ಚಲಿನಲ್ಲಿ ಬಾವು ಕಾಣಿಸದಿದ್ದರೂ ಒಳಗೆ ಸೋಂಕು ಹತ್ತಿದಾಗ, ಅದರೊಡನೆ ಹೋರಾಡಲು ಬಂದ ಬಿಳಿ ರಕ್ತಕಣಗಳು ಹಾಲಿನಲ್ಲಿ ತುಂಬಿಕೊಂಡು ಹೀಗೆ ಗಟ್ಟಿಯಾಗುತ್ತದೆ ಎಂದು ವೈದ್ಯರು ವಿವರಿಸಿದರು.

ನಾನು ಆ ಬಟ್ಟಲನ್ನೇ ನೋಡುತ್ತಿದ್ದೆ. ಆ ತಾಯಿ ಮಾತ್ರ ವೈದ್ಯರ ಮುಖವನ್ನು ನೋಡುತ್ತಿದ್ದರು. ಔಷಧಿ ಕೊಡುವಷ್ಟು ದಿನವೂ, ನಿಲ್ಲಿಸಿದ ಮೇಲೆ ಇನ್ನೂ ಕೆಲವು ದಿನವೂ ಆ ಹಸುವಿನ ಹಾಲನ್ನು ಡೈರಿಗೆ ಹಾಕುವಂತಿಲ್ಲ ಎಂದು ಅವರಿಗೆ ಹೇಳಬೇಕಾಗಿತ್ತು. ಆ ಮನೆಯಲ್ಲಿ ಕರೆಯುತ್ತಿದ್ದದ್ದು ಅದೊಂದೇ ಹಸು. ಡೈರಿಯ ಬಟವಾಡೆಯಿಂದಲೇ ಮಗಳ ಕಾಲೇಜು ಫೀಸು ಹೋಗಬೇಕಿತ್ತು. ವೈದ್ಯರು ಅವಸರ ಮಾಡದೆ ಕೊಟ್ಟಿಗೆಯ ಕಲ್ಲಿನ ಮೇಲೆ ಕುಳಿತು, ಕಾಫಿ ಕುಡಿದು, ಎಷ್ಟು ದಿನ, ಎಷ್ಟು ಹಾಲು, ನೆಲವನ್ನು ಹೇಗೆ ಒಣಗಿಸಿಡಬೇಕು, ರೋಗವಿರುವ ಮೊಲೆಯನ್ನು ಕೊನೆಯಲ್ಲೇ ಏಕೆ ಕರೆಯಬೇಕು ಎಂಬುದನ್ನೆಲ್ಲ ತಿಳಿಸಿ ಹೇಳಿದರು. ಜೀವಶಾಸ್ತ್ರದಲ್ಲಿ ಒಳ್ಳೆಯ ಅಂಕ ಬಂದರೆ ಪಶುವೈದ್ಯನಾಗಬಹುದು ಎಂದುಕೊಂಡಿದ್ದ ನನಗೆ, ಆ ಅರ್ಧ ಗಂಟೆ ಕುಳಿತು ಮಾತನಾಡುವುದು ಕೂಡ ಚಿಕಿತ್ಸೆಯೇ ಎಂಬುದು ಅಂದು ಗೊತ್ತಾಯಿತು. ನನಗೆ ಆ ಕೆಲಸ ಇಷ್ಟವಾಯಿತು. ಇಷ್ಟವಾಗದೇ ಹೋಗಿದ್ದರೂ ಅಂದೇ ಗೊತ್ತಾಗುತ್ತಿತ್ತು, ಐದೂವರೆ ವರ್ಷದ ಓದಿನ ನಡುವೆ ಅಲ್ಲ.

ಪ್ರಾಣಿಗಳೆಂದರೆ ಪ್ರೀತಿ ಎಂದು ನೀನು ಹೇಳುತ್ತೀಯ. ಅದು ಬೇಕೇ ಬೇಕು. ಆದರೆ ನಿಮ್ಮ ಮನೆಯ ನಾಯಿಯ ಮೇಲಿನ ಪ್ರೀತಿಯೊಂದನ್ನೇ ನಂಬಿ ಬರಬೇಡ. ಇಲ್ಲಿ ಹಸು, ಎಮ್ಮೆ, ಕುರಿ, ಮೇಕೆ, ಹಂದಿ, ಕುದುರೆ, ಕೋಳಿ, ನಾಯಿ, ಎಲ್ಲವನ್ನೂ ಓದಬೇಕು. ಮೊದಲ ವರ್ಷ ಅಂಗರಚನಾಶಾಸ್ತ್ರದಲ್ಲಿ ಮೂಳೆಗಳನ್ನು ಒಂದೊಂದಾಗಿ ಕೈಗೆತ್ತಿಕೊಂಡು, ಇದು ಹಸುವಿನದೋ ಕುದುರೆಯದೋ, ಎಡಗಾಲಿನದೋ ಬಲಗಾಲಿನದೋ ಎಂದು ಹೇಳಬೇಕು. ಆಸ್ಪತ್ರೆಯಲ್ಲಿ ಪಾರ್ವೊ ಎಂಬ ವೈರಸ್ ಸೋಂಕು ತಗುಲಿ ರಕ್ತಭೇದಿಯಾಗುತ್ತಿರುವ ಎರಡು ತಿಂಗಳ ನಾಯಿಮರಿಯನ್ನು ಎದೆಗವಚಿಕೊಂಡು ಬಂದ ಹುಡುಗನಿಗೆ, ಇದು ಉಳಿಯುವುದು ಕಷ್ಟ ಎಂದು ಹೇಳುವ ಹೊತ್ತಿನಲ್ಲಿ ನಿನ್ನ ಧ್ವನಿ ನಡುಗಬಹುದು. ನನ್ನದು ಈಗಲೂ ನಡುಗುತ್ತದೆ, ಅದನ್ನು ನಾನು ಕೊರತೆಯೆಂದು ತಿಳಿದಿಲ್ಲ.

ಅಪಾಯಗಳನ್ನೂ ಮುಚ್ಚಿಡುವುದಿಲ್ಲ. ಕಂದು ಹಾಕಿದ, ಎಂದರೆ ಗರ್ಭಪಾತವಾದ, ಹಸುವಿನ ಮಾಸನ್ನು ಬರಿಗೈಯಲ್ಲಿ ಮುಟ್ಟಿದರೆ ಬ್ರುಸೆಲ್ಲಾ ಎಂಬ ಬ್ಯಾಕ್ಟೀರಿಯಾದ ಸೋಂಕು ಮನುಷ್ಯನಿಗೂ ಬರಬಹುದು. ರೇಬಿಸ್ ಲಸಿಕೆಯನ್ನು ನಾಯಿ ಕಚ್ಚುವ ಮೊದಲೇ ಹಾಕಿಸಿಕೊಳ್ಳುವ ಕ್ರಮವಿದೆ. ಆಸ್ಪತ್ರೆಗಳಲ್ಲಿ ನಿಂತು ನೋಡಲು ಹೊರಡುವ ಮೊದಲು ವೈದ್ಯರನ್ನು ಕೇಳಿ ಅದನ್ನು ಹಾಕಿಸಿಕೋ.

ನಿಮ್ಮ ತಂದೆಯವರು "ದನದ ಡಾಕ್ಟರಾಗಲು ಇಷ್ಟೊಂದು ಓದಬೇಕೇ" ಎಂದು ಕೇಳಿದರೆಂದು ನೀನು ನೊಂದುಕೊಂಡೆ. ನಾನು ಹೋಗುತ್ತಿದ್ದ ಕೋಚಿಂಗ್ ಕೇಂದ್ರದಲ್ಲಿಯೂ, ಎಂಬಿಬಿಎಸ್ ತಪ್ಪಿದವರ ಪಾಲಿನ ಸಮಾಧಾನ ಎಂಬಂತೆಯೇ ಈ ಕೋರ್ಸಿನ ಬಗ್ಗೆ ಮಾತನಾಡುತ್ತಿದ್ದರು. ಆ ಮಾತು ನನ್ನನ್ನು ಬಹಳ ದಿನ ಚುಚ್ಚಿತು. ನಮ್ಮ ಅಜ್ಜಿ ಮಾತ್ರ ಹಾಗೆ ಮಾತನಾಡಲಿಲ್ಲ. ದನಗಳಿಗೆ ದೊಡ್ಡರೋಗ (ರಿಂಡರ್‌ಪೆಸ್ಟ್) ಬಂದ ವರ್ಷ ಊರಿನ ಕೊಟ್ಟಿಗೆಗಳೆಲ್ಲ ಒಂದೊಂದಾಗಿ ಖಾಲಿಯಾದದ್ದನ್ನು, ಉಳುವ ಎತ್ತಿಲ್ಲದೆ ಹೊಲ ಬೀಳು ಬಿದ್ದದ್ದನ್ನು ಅವರು ಕಂಡಿದ್ದವರು. ಆ ರೋಗ ಇಡೀ ಭೂಮಿಯಿಂದಲೇ ಅಳಿಯಿತೆಂದು 2011ರಲ್ಲಿ ಘೋಷಣೆಯಾಯಿತು. ಸಿಡುಬನ್ನು ಬಿಟ್ಟರೆ ಮನುಷ್ಯ ಹೀಗೆ ಬೇರುಸಹಿತ ಕಿತ್ತ ರೋಗ ಅದೊಂದೇ. ಹಳ್ಳಿಯಿಂದ ಹಳ್ಳಿಗೆ ಲಸಿಕೆ ಹೊತ್ತು ನಡೆದವರಲ್ಲಿ ನಮ್ಮ ದನದ ಡಾಕ್ಟರುಗಳೂ ಇದ್ದರು. ಇದನ್ನು ನಿಮ್ಮ ತಂದೆಯವರಿಗೆ ನಿಧಾನವಾಗಿ, ವಾದಕ್ಕಿಳಿಯದೆ ಹೇಳು. ಬೇಕೆಂದರೆ ನಾನೇ ಬಂದು ಅವರ ಜೊತೆ ಮಾತನಾಡುತ್ತೇನೆ.

ಬಿ.ಎಸ್‌ಸಿ.ಯನ್ನು ಈಗಲೇ ಬಿಡಬೇಡ. ಸೀಟು ಕೈಗೆ ಬರುವವರೆಗೆ ತರಗತಿಗೆ ಹೋಗುತ್ತಿರು. ಅಲ್ಲಿ ಓದುವ ಪ್ರಾಣಿಶಾಸ್ತ್ರವೂ ರಸಾಯನಶಾಸ್ತ್ರವೂ ವ್ಯರ್ಥವಾಗುವುದಿಲ್ಲ. ಬೆಳಿಗ್ಗೆ ಎರಡು ಗಂಟೆ ಸಿಇಟಿಗೆ, ವಾರಕ್ಕೊಂದು ದಿನ ಕೊಟ್ಟಿಗೆಗೆ ಎಂದು ಸಮಯ ತೆಗೆದಿಟ್ಟರೆ ಸದ್ಯಕ್ಕೆ ಸಾಕು.

ಹೆಸರಘಟ್ಟದ ಆಚೆಯ ಆ ವೈದ್ಯರ ಜೊತೆ ಮಾತನಾಡಿದ್ದೇನೆ. ಬರುವ ಭಾನುವಾರ ನಿನ್ನನ್ನು ಕರೆದುಕೊಂಡು ಬರಲು ಹೇಳಿದ್ದಾರೆ. ಹಾಲು ಕರೆಯುವ ಹೊತ್ತಿಗೆ ಅಲ್ಲಿರಬೇಕಾದ್ದರಿಂದ ಬೆಳಗಿನ ಐದು ಗಂಟೆಗೆ ನಮ್ಮ ಹಾಸ್ಟೆಲಿನ ಗೇಟಿನ ಬಳಿ ಬಾ, ನನ್ನ ಬೈಕಿನಲ್ಲಿ ಹೋಗೋಣ. ಹಳೆಯ ಬಟ್ಟೆ ಹಾಕಿಕೋ, ಉಗುರು ಕತ್ತರಿಸಿಕೋ. ಮೊಣಕಾಲುದ್ದದ ಬೂಟನ್ನು ನಿನಗಾಗಿ ಗೆಳೆಯರೊಬ್ಬರಿಂದ ಕೇಳಿ ತರುತ್ತೇನೆ, ನಿನ್ನ ಪಾದದ ಅಳತೆಯನ್ನು ಶುಕ್ರವಾರದೊಳಗೆ ತಿಳಿಸು.

ನಿನ್ನ ಗೆಳೆಯ,
ಚೇತನ್