ಕೀಲು ನೋವಿಗೆ ಟಿಬಿ ಮಾತ್ರೆ ಕೊಡೋ ಮೊದಲು ದನಕರು ವಿಷಯ ಕೇಳಿ

ಸಂಪಾದಕರೇ ನಮಸ್ಕಾರ,

ತಿಂಗಳುಗಟ್ಟಲೆ ಸೊಂಟನೋವು, ಮಂಡಿ ಊತ, ಬಿಟ್ಟು ಬಿಟ್ಟು ಜ್ವರ, ರಾತ್ರಿ ಬೆವರು ಅಂತ ಹಳ್ಳಿಯಿಂದ ಬರೋರಿಗೆ ಎಷ್ಟೋ ಕಡೆ ಸ್ಕ್ಯಾನ್ ನೋಡಿ ಟಿಬಿ ಇರ್ಬೇಕು ಅಂತ ಮಾತ್ರೆ ಶುರು ಮಾಡ್ಬಿಡ್ತಾರೆ. ನಾನು ಕೋಲಾರದ ಕಡೆ ಲ್ಯಾಬ್ ಟೆಕ್ನಿಷಿಯನ್, ಹಾಲು ಹಾಕಿ ಜೀವನ ಮಾಡೋ ಊರುಗಳಿವು. ಟಿಬಿ ನಮ್ಮಲ್ಲಿ ಜಾಸ್ತಿ, ಡಾಕ್ಟ್ರಿಗೆ ಮೊದಲು ಅದೇ ಹೊಳೆಯುತ್ತೆ, ಒಪ್ತೀನಿ. ಆದ್ರೆ ಹಸು ಕಂದು ಹಾಕೋಕೆ (ಗರ್ಭಪಾತಕ್ಕೆ) ಕಾರಣ ಆಗೋ, ದನದಿಂದ ನಮಗೂ ಅಂಟೋ ಬ್ರೂಸೆಲ್ಲಾ ಬ್ಯಾಕ್ಟೀರಿಯಾ ಮನುಷ್ಯರ ಕೀಲು, ಬೆನ್ನುಮೂಳೆಗೆ ಸೇರ್ಕೊಂಡ್ರೂ ಥೇಟ್ ಹೀಗೇ ಕಾಡುತ್ತೆ, ಬಯಾಪ್ಸೀಲೂ (ಚೂರು ಮಾಂಸ ತೆಗೆದು ನೋಡೋ ಪರೀಕ್ಷೆ) ಎರಡೂ ಒಂದೇ ಥರ ಕಾಣಬಹುದು.

ಅದಕ್ಕಿಂತ ದೊಡ್ಡ ತೊಂದರೆ ಏನಂದ್ರೆ ಟಿಬಿ ಔಷಧೀಲಿರೋ ರಿಫಾಂಪಿಸಿನ್ ಬ್ರೂಸೆಲ್ಲಾ ಮೇಲೂ ಕೆಲಸ ಮಾಡುತ್ತೆ, ನೋವು ಒಂದಿಷ್ಟು ಇಳಿದ್ರೆ ಟಿಬಿನೇ ಅಂತ ಎಲ್ಲರೂ ನಂಬಿಬಿಡ್ತಾರೆ, ಆಮೇಲೆ ಕಾಯಿಲೆ ಮರುಕಳಿಸುತ್ತೆ. ಬ್ರೂಸೆಲ್ಲಾ ಕಾಯಿಲೆಗೆ ಡಾಕ್ಸಿಸೈಕ್ಲಿನ್ ಅನ್ನೋ ಆಂಟಿಬಯಾಟಿಕ್ ಜೊತೆ ಇನ್ನೊಂದು ಔಷಧಿ ಸೇರಿಸಿ ಕನಿಷ್ಠ 6 ವಾರ ಕೊಡ್ಬೇಕು, ಬೆನ್ನುಮೂಳೆಗೆ ಹೋಗಿದ್ರೆ 3 ತಿಂಗಳಾದ್ರೂ ಬೇಕು.

ಪತ್ತೆ ಮಾಡೋಕೆ ರೋಸ್ ಬೆಂಗಾಲ್ ಟೆಸ್ಟ್ ಇದೆ, ಒಂದು ಹನಿ ಸೀರಂ (ರಕ್ತದ ತಿಳಿನೀರು) ಸಾಕು, ಕೆಲವೇ ನಿಮಿಷದಲ್ಲಿ ರಿಸಲ್ಟ್. ಪಾಸಿಟಿವ್ ಬಂದ ಮಾತ್ರಕ್ಕೆ ಕಾಯಿಲೆ ಅಂತಲ್ಲ, ದನದ ಜೊತೆ ಇರೋರಲ್ಲಿ ಹಳೇ ಆಂಟಿಬಾಡಿ (ಹಿಂದೆ ಸೋಂಕು ತಗುಲಿದಾಗ ದೇಹ ತಯಾರಿಸಿದ ರಕ್ಷಕ ಅಂಶ) ಇರಬಹುದು, ಅದಕ್ಕೆ ಟ್ಯೂಬ್ ಟೆಸ್ಟಲ್ಲಿ ಟೈಟರ್ (ಆಂಟಿಬಾಡಿ ಎಷ್ಟಿದೆ ಅನ್ನೋ ಅಳತೆ) ನೋಡಿ ಲಕ್ಷಣಕ್ಕೆ ಹೊಂದಿಸ್ಬೇಕು. ಆಂಟಿಬಯಾಟಿಕ್ ಶುರು ಮಾಡೋ ಮೊದಲೇ ರಕ್ತ, ಕೀಲಿನ ನೀರು ಕಲ್ಚರ್‌ಗೆ (ಬ್ಯಾಕ್ಟೀರಿಯಾ ಬೆಳೆಸಿ ನೋಡೋಕೆ) ಕಳಿಸಿದ್ರೆ ಇನ್ನೂ ಒಳ್ಳೇದು. ಆದ್ರೆ ಈ ಬ್ಯಾಕ್ಟೀರಿಯಾ ಬೆಳೆಯೋದು ನಿಧಾನ, ಮಾಮೂಲಿ ಹಾಗೆ 5 ದಿನಕ್ಕೆ ನೆಗೆಟಿವ್ ಅಂತ ಬಾಟ್ಲಿ ಎಸೆದ್ರೆ ತಪ್ಪಿಹೋಗಬಹುದು. ದಯವಿಟ್ಟು ಡಾಕ್ಟ್ರುಗಳು ಫಾರಂ ಮೇಲೆ ಬ್ರೂಸೆಲ್ಲಾ ಅನುಮಾನ ಅಂತ ಬರೀರಿ, ನಾವು ಜಾಸ್ತಿ ದಿನ ಇಡ್ತೀವಿ, ಅದೂ ಅಲ್ಲದೆ ಇದು ಗಾಳೀಲಿ ನಮ್ಮ ಮೂಗಿಗೇ ಸೇರೋ ಬ್ಯಾಕ್ಟೀರಿಯಾ, ಗೊತ್ತಿಲ್ದೆ ಬ್ಯಾಕ್ಟೀರಿಯಾ ಬೆಳೆದ ಪ್ಲೇಟ್ ತೆಗೆದ ಲ್ಯಾಬ್ ಹುಡುಗರಿಗೆ ಕಾಯಿಲೆ ಅಂಟಬಹುದು.

2019ರಿಂದ ರಾಷ್ಟ್ರೀಯ ಯೋಜನೇಲಿ 4ರಿಂದ 8 ತಿಂಗಳ ಹೆಣ್ಣುಕರುಗಳಿಗೆ ಬ್ರೂಸೆಲ್ಲಾ ಲಸಿಕೆ ಹಾಕ್ತಿದಾರೆ, ಸಂತೋಷ. ಅದೇ ಥರ ಹಸು ಕಂದು ಹಾಕಿದ ಮನೆ ವಿಷಯ ಪಶುವೈದ್ಯರು ಊರಿನ ಆರೋಗ್ಯ ಕೇಂದ್ರಕ್ಕೂ ತಿಳಿಸೋ ಹಾಗಾಗ್ಲಿ, ತಾಲೂಕು ಆಸ್ಪತ್ರೇಲಿ ರೋಸ್ ಬೆಂಗಾಲ್ ಕಿಟ್ ಸದಾ ಇರ್ಲಿ. ರೈತರೂ ಅಷ್ಟೇ, ಡಾಕ್ಟ್ರು ಕೇಳದಿದ್ರೂ ಮನೇಲಿ ದನ ಕುರಿ ಇದಾವೆ, ಬರಿಗೈಯಲ್ಲಿ ಮಾಸು ತೆಗೆದಿದೀನಿ, ಹಸಿ ಹಾಲು ಕುಡೀತೀನಿ ಅಂತ ನೀವೇ ಹೇಳಿ.

– ಒಬ್ಬ ಲ್ಯಾಬ್ ಟೆಕ್ನಿಷಿಯನ್, ಕೋಲಾರ ಜಿಲ್ಲೆ