ಕೊನೆ ಮಾತ್ರೆ ನುಂಗಿದೆ

ಮೊನ್ನೆ ಬೆಳಿಗ್ಗೆಗೆ ಆರು ತಿಂಗಳ ಮಾತ್ರೆ ಮುಗಿಯಿತು. "ಎಲ್ಲಪ್ಪಾ, ಕಾಣ್ತಾನೇ ಇಲ್ಲ" ಅಂತ ಕೇಳಿದವರಿಗೆಲ್ಲ ಒಬ್ಬೊಬ್ಬರಿಗೆ ಒಂದೊಂದು ಸುಳ್ಳು ಹೇಳಿದ್ದೆ. ನನಗೆ ಟಿಬಿ ಆಗಿತ್ತು. ಈಗ ವಾಸಿಯಾಗಿದೆ.

ಮೊದಲ ಥ್ಯಾಂಕ್ಸ್ ಹೆಂಡತಿಗೆ. ಮಂಡ್ಯ ಸುತ್ತಮುತ್ತಲ ಆಲೆಮನೆಗಳಿಂದ ಬೆಲ್ಲ ಹೇರಿಕೊಂಡು ಗಾಡಿ ಓಡಿಸುವವನು ನಾನು, ಹಾಗಾಗಿ ಕೆಮ್ಮು ಬಂದಾಗ ಹೊಗೆಯಿಂದ ಅಂದುಕೊಂಡೆ, ಎಲ್ಲರೂ ಅದನ್ನೇ ಅಂದರು. ಕಫ ಮೊದಲು ಹಳದಿ ಇತ್ತು, ಆಮೇಲೆ ಕಂದು, ಒಂದು ದಿನ ಅದರಲ್ಲಿ ಕೆಂಪು ಎಳೆ. ಮೆಡಿಕಲ್ ಶಾಪಿನ ಸಿರಪ್ಪು ಕುಡಿದುಕೊಂಡೇ ಒಂದೂವರೆ ತಿಂಗಳು ತಳ್ಳಿದೆ. ಟವೆಲ್ಲಿಗೆ ಒರೆಸಿಕೊಂಡು, ಯಾರೂ ಏಳೋ ಮುಂಚೆ ನಾನೇ ಒಗೆದು ಹಾಕುತ್ತಿದ್ದೆ. ಮದುವೆಯಾಗಿ ಹದಿನೈದು ವರ್ಷದಲ್ಲಿ ಒಂದು ಕರ್ಚೀಫೂ ಒಗೆಯದವನು ಟವೆಲ್ ಒಗೆದರೆ ಅನುಮಾನ ಬರದೇ ಇರುತ್ತಾ? ಗಾಡಿ ಕೀ ಬಚ್ಚಿಟ್ಟು, "ಆಸ್ಪತ್ರೆಗೆ ಹೋಗಿ ಬಂದ ಮೇಲೇ ಕೊಡೋದು" ಅಂದಳು.

ಎರಡನೆಯದು ಆ ಡಾಕ್ಟರಿಗೆ. ರಕ್ತ ಅಂದ ತಕ್ಷಣ ಕ್ಯಾನ್ಸರ್ ಅಂತ ನಾನು ನಡುಗುತ್ತಿದ್ದರೆ ಅವರು ನಿಧಾನವಾಗಿ ಕೇಳಿದರು: ಕೆಮ್ಮಿದಾಗ ಬರುತ್ತಾ, ವಾಂತಿಯಲ್ಲಾ, ಮೂಗು ವಸಡಿನಿಂದ ಇಳಿದಿದ್ದಾ? ಶ್ವಾಸನಾಳದ ಸೋಂಕು, ನ್ಯುಮೋನಿಯಾ, ಶ್ವಾಸಕೋಶದಲ್ಲಿ ರಕ್ತ ಹೆಪ್ಪುಗಟ್ಟುವುದು, ಟಿಬಿ, ಹೌದು, ಕ್ಯಾನ್ಸರ್ ಕೂಡ, ಯಾವುದರಿಂದಲಾದರೂ ಬರಬಹುದು, ಬಣ್ಣ ನೋಡಿ ಹೇಳೋಕಾಗಲ್ಲ ಅಂದರು. ಪಕ್ಕದಲ್ಲಿ ಕೂತಿದ್ದ ಯಜಮಾನರಿಗೂ ನನ್ನ ಥರಾನೇ ರಕ್ತ ಬರುತ್ತಿತ್ತು, ಅವರದು ಟಿಬಿ ಅಲ್ಲ, ಶ್ವಾಸನಾಳ ಅಗಲವಾಗಿ ಕಫ ನಿಲ್ಲುವ ಬೇರೆ ಕಾಯಿಲೆ. ಔಷಧಿಯೂ ಬೇರೆ. ಲೋಟದಷ್ಟು ರಕ್ತ ಬಂದರೆ, ಉಸಿರು ಕಟ್ಟಿದರೆ ಮಾತ್ರ ಒಂದು ನಿಮಿಷವೂ ಕಾಯದೆ ಎಮರ್ಜೆನ್ಸಿಗೆ ಬನ್ನಿ ಅಂತ ಎರಡು ಸಲ ಹೇಳಿದರು.

ಲ್ಯಾಬಿನ ಹುಡುಗಿಗೂ ಥ್ಯಾಂಕ್ಸ್. ನಾಚಿಕೆಗೆ ನಾನು ಡಬ್ಬಿಗೆ ಬರೀ ಎಂಜಲು ಉಗುಳಿ ಕೊಟ್ಟಿದ್ದೆ. "ಅಣ್ಣ, ಇದು ಎಂಜಲು. ಬೆಳಿಗ್ಗೆ ಎದ್ದ ಕೂಡಲೇ ಎದೆಯಾಳದಿಂದ ಕೆಮ್ಮಿ ತನ್ನಿ" ಅಂತ ವಾಪಸ್ ಕಳಿಸಿದಳು. ಕಫದ ಟೆಸ್ಟಲ್ಲಿ ಟಿಬಿ ಅಂತ ಬಂತು, ಎಕ್ಸ್‌ರೇಲೂ ಕಂಡಿತು.

ಆಮೇಲೆ ಆಶಾ ಅಕ್ಕ. ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗಿದ ದಿನ ರಾತ್ರಿ ಹತ್ತಕ್ಕೆ ಫೋನ್ ಮಾಡಿದ್ದೆ. ನಕ್ಕು, "ಮಾತ್ರೆ ಬಣ್ಣ ಕಣಪ್ಪ, ಮಲಗು. ಕಣ್ಣು ಹಳದಿ ಆದ್ರೆ ಹೇಳು" ಅಂದರು. ಎರಡು ತಿಂಗಳಿಗೆ ಕೆಮ್ಮು ನಿಂತು, ಕಫದ ಟೆಸ್ಟ್ ನೆಗೆಟಿವ್ ಬಂದು, ಮೈಗೂ ಶಕ್ತಿ ಬಂದಾಗ ಮಾತ್ರೆ ಬಿಟ್ಟುಬಿಡೋಣ ಅನ್ನಿಸಿತ್ತು, ಸುಳ್ಳು ಹೇಳಲ್ಲ. ಅವರು ಬಾಗಿಲಲ್ಲೇ ನಿಂತು ಬೈದರು: ಅರ್ಧಕ್ಕೆ ಬಿಟ್ಟರೆ ಅದೇ ಮಾತ್ರೆ ಮುಂದೆ ನಾಟಲ್ಲ. ಅಮ್ಮ, ಮಕ್ಕಳು ಎಲ್ಲರಿಗೂ ಟೆಸ್ಟ್ ಮಾಡಿಸಿ, ಮುಂಜಾಗ್ರತೆ ಮಾತ್ರೆ ಕೊಡಿಸಿದ್ದೂ ಅವರೇ. ಮಾತ್ರೆಗೆ ಒಂದು ಪೈಸೆ ಖರ್ಚಾಗಲಿಲ್ಲ. ನಿಕ್ಷಯ್ ಪೋಷಣ್ ಯೋಜನೆಯಲ್ಲಿ ತಿಂಗಳಿಗೆ 1000 ರೂಪಾಯಿ ಲೆಕ್ಕದಲ್ಲಿ ಖಾತೆಗೆ ಬಂದ ದುಡ್ಡು ಮೊಟ್ಟೆ, ಕಡಲೆಬೀಜಕ್ಕಾಯಿತು.

ನಾನು ಮುಖ ಮುಚ್ಚಿಕೊಂಡು ಕೂತಿದ್ದಾಗ ಮೈಸೂರಿನ ದೊಡ್ಡಮ್ಮ ಬಂದು ಹೇಳಿದ ಮಾತೊಂದಿದೆ. ಕೆಆರ್‌ಎಸ್ ರಸ್ತೆಯ ಟಿಬಿ ಆಸ್ಪತ್ರೆಗೆ ಇಟ್ಟಿರೋದು ನಾಲ್ವಡಿಯವರ ಸೋದರಿ ಕೃಷ್ಣಾಜಮ್ಮಣ್ಣಿಯವರ ಹೆಸರು, ಅವರು ತೀರಿಕೊಂಡಿದ್ದೂ ಇದೇ ಕಾಯಿಲೆಯಿಂದ. "ಅರಮನೆಗೇ ಬಂದಿತ್ತಂತೆ, ನಿಂದೇನೋ ದೊಡ್ಡ ಮರ್ಯಾದೆ" ಅಂದರು. ನಗು ಬಂತು.

ಕೊನೆಗೆ ಟೀ ಅಂಗಡಿ ಗೆಳೆಯನಿಗೆ. ಅವನೊಬ್ಬನಿಗೆ ಮಾತ್ರ ನಿಜ ಹೇಳಿದ್ದೆ. ಮೊದಲ ಕೆಲವು ವಾರ ಮನೆಯಲ್ಲೇ ಇದ್ದು, ಆಮೇಲೆ ಹೋದಾಗ ಪೇಪರ್ ಕಪ್ ಕೊಡಪ್ಪ ಅಂದೆ. "ಲೋಟದಿಂದ ಬರಲ್ವಂತೆ, ಗಾಳಿಯಿಂದ ಅಂತೆ, ಕೇಳ್ಕೊಂಡು ಬಂದಿದ್ದೀನಿ" ಅಂತ ಎಲ್ಲರಿಗೂ ಕೊಡೋ ಗಾಜಿನ ಲೋಟದಲ್ಲೇ ಕೊಟ್ಟ. ಸೋಮವಾರದಿಂದ ಗಾಡಿ ರಸ್ತೆಗೆ ಇಳಿಯುತ್ತೆ, ಬೆಳಿಗ್ಗೆ ಅವನ ಅಂಗಡಿ ಹತ್ತಿರ ಸಿಗಿ. ಟೀ ನನ್ನ ಲೆಕ್ಕ.